ಉಪ್ಪುನೀರಿನ ಅಟ್ಟ

ಹಿರಿಯೂರಿನ ಹೊರಗಿರುವ ಮಿಡಿಸೌತೆ ಕಾರ್ಖಾನೆಯಲ್ಲಿ ನಿಂಗಕ್ಕನ ಎಡಗಾಲು ಅಟ್ಟದ ತಗಡು ತೂರಿಕೊಂಡು ಮೊಣಕಾಲಿನವರೆಗೂ ಇಳಿದಾಗ ವೆಲ್ಡರ್ ಜಂಪಣ್ಣ ಅದೇ ಅಟ್ಟದ ಕೆಳಗೆ ಕೂತು ಟೀ ಕುಡಿಯುತ್ತಿದ್ದ. ತಲೆಯ ಮೇಲೆ ಕಪ್ಪು ಗಂಬೂಟೊಂದು ನೇತಾಡುವುದನ್ನು ಕಂಡು ಲೋಟ ಬಿಟ್ಟು ಎದ್ದು ನಿಂತ.

"ಯಾರದು ಕಾಲು?" ಎಂದು ಕೂಗಿದ.

"ನಂದೇ ಕಣಪ್ಪ, ಇನ್ಯಾರದು! ನೀನು ಹಾಕಿದ್ದ ತ್ಯಾಪೆ ಬಾಯಿ ಬಿಟ್ಟೈತೆ. ಬಾ, ಮ್ಯಾಲೆ ಬಂದು ನೋಡು," ಎಂದು ಮೇಲಿಂದ ನಿಂಗಕ್ಕನ ದನಿ ಬಂತು.

ಅವನು ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದ. ನಿಂಗಕ್ಕ ಒಂದು ಕಾಲು ತೂತಿನೊಳಗೆ ಬಿಟ್ಟು, ಇನ್ನೊಂದನ್ನು ಮಡಚಿಕೊಂಡು, ಕೈಯಲ್ಲಿದ್ದ ಜಾಲರಿ ಸೌಟನ್ನು ಮಾತ್ರ ಬಿಡದೆ ಕೂತಿದ್ದಳು. ಪಕ್ಕದಲ್ಲಿದ್ದ ಹೆಂಗಸರು ಒಂದು ಕಡೆ, ಜಂಪಣ್ಣ ಒಂದು ಕಡೆ ರಟ್ಟೆ ಹಿಡಿದು ಮೇಲೆತ್ತಿದರು. ದಪ್ಪ ರಬ್ಬರಿನ ಬೂಟು ಕಾಲನ್ನು ಉಳಿಸಿತ್ತು. ಮೊಣಕಾಲ ಚಿಪ್ಪಿನ ಮೇಲೆ ಒಂದು ಗೀರು ಬಿದ್ದದ್ದು ಬಿಟ್ಟರೆ ಮತ್ತೇನೂ ಆಗಿರಲಿಲ್ಲ. ಆದರೂ ತುಕ್ಕು ಕಬ್ಬಿಣದ ಗಾಯ. ಆಸ್ಪತ್ರೆಗೆ ಕರೆದೊಯ್ದು ಸೂಜಿ ಹಾಕಿಸಿದರು. ಮರುದಿನ ಅವಳು ಎಂದಿನಂತೆ ಕೆಲಸಕ್ಕೆ ಬಂದಳು, ನಗುತ್ತಲೇ ಬಂದಳು. ನಗು ಬಾರದವನು ಜಂಪಣ್ಣ ಒಬ್ಬನೇ. ಆ ತ್ಯಾಪೆಯನ್ನು ಅವನು ಯುಗಾದಿಯ ಹಿಂದಿನ ವಾರವಷ್ಟೇ ಬೆಸೆದಿದ್ದ. ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿದರೆ ಕಬ್ಬಿಣ ಹಪ್ಪಳದಂತೆ ಮುರಿದು ಕೈಗೆ ಬರುತ್ತಿತ್ತು.

ಆ ಕಾರ್ಖಾನೆಯಲ್ಲಿ ಹದಿನೆಂಟು ದೊಡ್ಡ ತೊಟ್ಟಿಗಳಿದ್ದವು. ಸುತ್ತಲಿನ ರೈತರು ಬೆಳೆದು ತಂದ ಬೆರಳುದ್ದದ ಸೌತೆಕಾಯಿಗಳು ಅವುಗಳಲ್ಲಿ ಉಪ್ಪುನೀರು, ವಿನೆಗರ್ ಕುಡಿದುಕೊಂಡು ವಾರಗಟ್ಟಲೆ ಮಾಗಬೇಕು. ತೊಟ್ಟಿಗಳ ಮೇಲೆ, ಎರಡಾಳೆತ್ತರದಲ್ಲಿ, ಉದ್ದಕ್ಕೂ ಓಡಾಡುವ ದಾರಿ. ಅಲ್ಲಲ್ಲಿ ನಿಂತು ಕೆಲಸ ಮಾಡಲು ಅಗಲವಾದ ಕಟ್ಟೆ. ಎರಡು ಕೊನೆಗೂ ಮೆಟ್ಟಿಲು. ಇಷ್ಟನ್ನೂ ಸೇರಿಸಿ ಎಲ್ಲರೂ ಅಟ್ಟ ಅನ್ನುತ್ತಿದ್ದರು. ಹೆಂಗಸರು ಅದರ ಮೇಲೆ ಮಂಡಿಯೂರಿ ತೊಟ್ಟಿಯೊಳಗೆ ಬಾಗಿ ನೊರೆ ತೆಗೆಯುತ್ತಿದ್ದರು, ಉಪ್ಪು ನೋಡುತ್ತಿದ್ದರು.

ಹದಿನಾರು ವರ್ಷದ ಹಿಂದೆ ಆ ಅಟ್ಟ ಕಟ್ಟಿದವನು ಜಂಪಣ್ಣ. ಹರಿಯಬ್ಬೆಯವನು, ವೆಲ್ಡಿಂಗ್ ಕೆಲಸವನ್ನು ನೋಡಿ ನೋಡಿಯೇ ಕಲಿತವನು. ಕಾರ್ಖಾನೆಗೆ ಹೊಸಬರು ಯಾರು ಬಂದರೂ ಅಟ್ಟದ ಕಡೆ ಕೈ ತೋರಿಸಿ, "ಅದು ನಂದು," ಅನ್ನದೆ ಬಿಡುತ್ತಿರಲಿಲ್ಲ. ಉಪ್ಪಿನ ಹಬೆ ಕಬ್ಬಿಣವನ್ನು ತಿನ್ನುತ್ತಿತ್ತು, ಇವನು ತ್ಯಾಪೆ ಹಾಕುತ್ತಿದ್ದ. ಅದು ಮತ್ತೆ ತಿನ್ನುತ್ತಿತ್ತು, ಇವನು ಮತ್ತೆ ಹಾಕುತ್ತಿದ್ದ. ಈಗೀಗ ಅಟ್ಟದಲ್ಲಿ ಮೂಲದ ಕಬ್ಬಿಣಕ್ಕಿಂತ ತ್ಯಾಪೆಯೇ ಹೆಚ್ಚಾಗಿತ್ತು.

ಎರಡು ದಿನ ಕಳೆದ ಮೇಲೆ ಮ್ಯಾನೇಜರ್ ಪ್ರಸನ್ನಕುಮಾರ್ ಜಂಪಣ್ಣನನ್ನು ಕೋಣೆಗೆ ಕರೆಸಿದರು. ಅಲ್ಲಿ ಹೇಮಾವತಿ ಆಗಲೇ ಕೂತಿದ್ದಳು. ಶ್ರೀರಾಂಪುರದ ಹುಡುಗಿ, ಚಿತ್ರದುರ್ಗದಲ್ಲಿ ಓದಿದವಳು, ಯಂತ್ರಗಳ ಉಸ್ತುವಾರಿಗೆಂದು ಬಂದು ಇನ್ನೂ ಎಂಟೇ ತಿಂಗಳಾಗಿತ್ತು.

"ಕುಂತ್ಕಳ್ರಿ ಜಂಪಣ್ಣ," ಎಂದರು ಪ್ರಸನ್ನಕುಮಾರ್. "ಇನ್ಮೇಲೆ ತ್ಯಾಪೆ ಬ್ಯಾಡ. ಅಟ್ಟ ಪೂರ್ತಿ ತೆಗೆದು ಹೊಸದು ಹಾಕಾಣ."

ಜಂಪಣ್ಣನ ಮುಖ ಅರಳಿತು. "ಹಾಕಾಣ ಸಾರ್. ಈ ಸಲ ಆರು ಎಂಎಂ ತಗಡು ತರಿಸ್ರಿ. ಹದಿನೈದು ವರ್ಷ ಅಲ್ಲಾಡಲ್ಲ."

ಹೇಮಾವತಿ ಮೆಲ್ಲಗೆ, "ಕಬ್ಬಿಣ ಬ್ಯಾಡ ಅಂತ ನನ್ನ ಮಾತು. ಫೈಬರ್ ಹಾಕಾಣ. ಮೆಟ್ಟಿಲು, ದಾರಿ, ಕೈ ಹಿಡಿಯೋ ಕಟಾಂಜನ, ಎಲ್ಲಾ ಫೈಬರ್," ಎಂದಳು.

ಜಂಪಣ್ಣ ಅವಳನ್ನೇ ನೋಡಿದ. ತಮಾಷೆ ಮಾಡುತ್ತಿದ್ದಾಳೋ ಎಂದು ಅವನಿಗೆ ಅನುಮಾನ.

"ಪ್ಲಾಸ್ಟಿಕ್ಕಾ? ಮೇಡಂ, ಪ್ಲಾಸ್ಟಿಕ್ ಕುರ್ಚಿ ಮ್ಯಾಲೆ ನಮ್ಮ ನಿಂಗಕ್ಕ ಕುಂತ್ರೇ ಕಾಲು ನಾಕೂ ನಾಕು ದಿಕ್ಕಿಗೆ ಹೋಗ್ತವೆ. ಅದರ ಮೆಟ್ಟಿಲು ಮಾಡಿಸ್ತೀರಾ?"

"ಕುರ್ಚಿ ಪ್ಲಾಸ್ಟಿಕ್ ಬ್ಯಾರೆ, ಇದು ಬ್ಯಾರೆ. ಗಾಜಿನ ಎಳೆ ಹಾಕಿ ಅಂಟಿನಲ್ಲಿ ಎರಕ ಹುಯ್ದಿರ್ತಾರೆ. ನಮ್ಮ ತೊಟ್ಟಿ ಯಾತರದ್ದು ಹೇಳ್ರಿ?"

"ಫೈಬರ್ದು," ಎಂದು ಒಪ್ಪಿಕೊಳ್ಳಲೇಬೇಕಾಯಿತು.

"ಉಪ್ಪುನೀರು ಹೊಟ್ಟೇಲಿಟ್ಕೊಂಡು ಹದಿನಾರು ವರ್ಷ ಆತು. ಅದಕ್ಕೆ ಒಂದಾದ್ರೂ ತ್ಯಾಪೆ ಹಾಕೀರಾ?"

"ತೊಟ್ಟಿ ನಿಂತಲ್ಲಿ ನಿಂತಿರ್ತೈತೆ ಮೇಡಂ. ಅದರ ನೆತ್ತಿ ಮ್ಯಾಲೆ ಹತ್ತು ಜನ ಬಕೆಟ್ ಹಿಡ್ಕೊಂಡು ಓಡಾಡಲ್ಲ."

ಪ್ರಸನ್ನಕುಮಾರ್ ಇಬ್ಬರನ್ನೂ ನೋಡಿ ನಕ್ಕರು. ಸ್ಟೀಲಿನಲ್ಲಿ ಮಾಡಿಸಿದರೆ ತೀರ ದುಬಾರಿ. ಸತು ಬಳಿದ ಕಬ್ಬಿಣವಾದರೆ ಬಳಿದ ಪದರ ಎಲ್ಲಿ ಕೆರೆದುಹೋಗುತ್ತದೋ ಅಲ್ಲಿಂದಲೇ ತುಕ್ಕು ಶುರು. ತುಕ್ಕಿನ ಪುಡಿ ತೊಟ್ಟಿಗೆ ಬಿದ್ದರೆ ಮಾಲೆಲ್ಲ ಹಾಳು. ಇದೆಲ್ಲ ಅವರಿಗೂ ಗೊತ್ತಿತ್ತು. ಆದರೆ ಫೈಬರ್ ಬಗ್ಗೆ ಅವರಿಗೂ ಧೈರ್ಯವಿರಲಿಲ್ಲ.

"ಒಂದು ಕೆಲಸ ಮಾಡ್ರಿ. ಸ್ಯಾಂಪಲ್ ತರಿಸ್ತೀನಿ. ಇಬ್ರೂ ಸೇರಿ ಪರೀಕ್ಷೆ ಮಾಡ್ರಿ. ಇಬ್ರೂ ಒಪ್ಪಿ ಸಹಿ ಹಾಕಿದ್ರೆ ಮಾತ್ರ ನಾನು ಆರ್ಡರ್ ಕೊಡ್ತೀನಿ. ಒಬ್ರು ಒಪ್ಪದಿದ್ರೂ ಇಲ್ಲ," ಎಂದರು.

ಸಹಿ ತನ್ನ ಕೈಯಲ್ಲಿದೆ ಅಂದಮೇಲೆ ಗೆದ್ದಂತೆಯೇ ಎಂದುಕೊಂಡ ಜಂಪಣ್ಣ.

ಸ್ಯಾಂಪಲ್‌ಗಳು ಬಂದವು. ಚಪ್ಪಲಿಯಷ್ಟು ಅಗಲದ ತುಂಡುಗಳು, ಹಳದಿ, ಹಸಿರು, ಬೂದು ಬಣ್ಣದವು. ಕೆಲವು ಚೌಕ ಚೌಕ ಕಣ್ಣಿನ ಜಾಲರಿ, ಎರಡು ಕಡೆಗೂ ಒಂದೇ ಸಮನಾಗಿ ಎರಕ ಹುಯ್ದವು. ಕೆಲವು ಉದ್ದುದ್ದ ಪಟ್ಟಿಗಳನ್ನು ಸಾಲಾಗಿಟ್ಟು ಸಣ್ಣ ಕಡ್ಡಿ ಪೋಣಿಸಿದವು. ಕೆಲವಕ್ಕೆ ಮೇಲೆ ಮರಳು ಅಂಟಿಸಿದ್ದರು. ಕೆಲವಕ್ಕೆ ಪಟ್ಟಿಯ ನೆತ್ತಿ ದೋಣಿಯಂತೆ ಒಳಕ್ಕೆ ತಗ್ಗಾಗಿತ್ತು.

ಆಮೇಲಿನ ಒಂದು ತಿಂಗಳು ಜಂಪಣ್ಣ ಆ ತುಂಡುಗಳಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಒಂದನ್ನು ಉಪ್ಪುನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟ. ಒಂದನ್ನು ಶೆಡ್ಡಿನ ತಗಡಿನ ಮೇಲೆ ಬಿಸಿಲಿಗೆ ಎಸೆದ. ಒಂದನ್ನು ಇಟ್ಟಿಗೆಯ ಮೇಲಿಟ್ಟು ತನ್ನ ಟಿವಿಎಸ್ ಹತ್ತಿಸಿದ. ಒಂದಕ್ಕೆ ಸುತ್ತಿಗೆಯ ಏಟು ಹಾಕಿದಾಗ ಸುತ್ತಿಗೆಯೇ ಪುಟಿದು ಅವನ ಹೆಬ್ಬೆರಳಿನ ಹತ್ತಿರ ಹಾದುಹೋಯಿತು. ದೂರದಲ್ಲಿ ನಿಂತಿದ್ದ ಹೇಮಾವತಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು.

"ಏನು ಬರ್ಕೊಂಡ್ರಿ ಮೇಡಂ?"

"ಏಟಿಗೆ ತಗ್ಗು ಬೀಳಲಿಲ್ಲ ಅಂತ. ಹೆಬ್ಬೆರಳು ಉಳೀತು ಅಂತಾನೂ ಬರೀಲಾ?"

ಅವನು ಬೇರೆ ಕಡೆ ತಿರುಗಿ ನಕ್ಕ. ಅವಳಿಗೆ ಕಾಣಬಾರದೆಂದು ತಿರುಗಿದ, ಆದರೆ ಭುಜ ಕುಲುಕಿದ್ದು ಕಂಡಿತು.

ಕೊನೆಗೆ ಪಟ್ಟಿಯ ತುಂಡೊಂದನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸಿಗೆ ಸಿಕ್ಕಿಸಿ, ಪೈಪು ತೊಡಿಸಿ, ಇಡೀ ಮೈಭಾರ ಹಾಕಿ ಬಗ್ಗಿಸಿದ. ಅದು ಬಾಗಿತು, ಬಿಟ್ಟರೆ ಮತ್ತೆ ನೆಟ್ಟಗಾಯಿತು. ನಾಲ್ಕನೆಯ ಸಲಕ್ಕೆ ಅಂತೂ ಮುರಿಯಿತು. ಮುರಿದ ಜಾಗ ನೋಡಿ ಅವನು ಅಲ್ಲೇ ಕೂತುಬಿಟ್ಟ. ಕಬ್ಬಿಣ ಮುರಿದರೆ ಒಳಗೆ ಕಾಳು ಕಾಳಾಗಿ ಕಾಣುತ್ತದೆ. ಇದರೊಳಗೆ ಬಿಳಿ ಎಳೆಗಳು, ಸಾವಿರಾರು, ಒಂದರ ಪಕ್ಕ ಒಂದು, ಪಟ್ಟಿಯ ಉದ್ದಕ್ಕೇ ಹರಿದಿದ್ದವು. ಬಿದಿರಿನ ಗಳ ಸೀಳಿದಂತೆಯೇ ಇತ್ತು. ಪ್ಲಾಸ್ಟಿಕ್ ಅಂದುಕೊಂಡಿದ್ದೆ, ಇದಕ್ಕೆ ನರ ಇದೆಯಲ್ಲ ಎಂದು ಅವನಿಗೆ ಒಳಗೊಳಗೇ ಅಚ್ಚರಿಯಾಯಿತು. ಯಾರಿಗೂ ಹೇಳಲಿಲ್ಲ. ಗಾಜಿನ ಎಳೆ ತಾಗಿ ಅಂಗೈ, ಮುಂಗೈ ಎಲ್ಲ ನವೆ ಶುರುವಾಗಿ ರಾತ್ರಿ ಊಟದ ಹೊತ್ತಿಗೂ ಕೆರೆದುಕೊಳ್ಳುತ್ತಿದ್ದ.

ಮರಳು ಅಂಟಿಸಿದ ಹಳದಿ ತುಂಡನ್ನು ಅವನು ಮನೆಗೆ ಒಯ್ದಿದ್ದ, ಬಚ್ಚಲಿನ ಬಿಸಿನೀರಲ್ಲಿ ನೆನೆಸಿ ನೋಡೋಣವೆಂದು. ಮೂರನೆಯ ದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ತುಂಡು ಅಲ್ಲಿರಲಿಲ್ಲ. ಹಿತ್ತಲಲ್ಲಿ ಹೆಂಡತಿ ಓಬಕ್ಕ ಒಗೆಯುವ ಕಲ್ಲಿನ ಮೇಲೆ ಕೂತು ಅದರಿಂದ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು.

"ಲೇ, ಅದು ಫ್ಯಾಕ್ಟರಿದು! ಪರೀಕ್ಷೆಗೆ ತಂದೀನಿ."

"ನಾನೂ ಪರೀಕ್ಷೆನೇ ಮಾಡ್ತಿದೀನಿ. ಇಷ್ಟು ವರ್ಷದ ಬಿರುಕು ಮೂರು ದಿನಕ್ಕೆ ಹೋತು ನೋಡ್ರಿ." ಓಬಕ್ಕ ಕಾಲೆತ್ತಿ ತೋರಿಸಿದಳು. "ಪಕ್ಕದ ಮನೆಯೋರೂ ಒಂದು ಕೇಳಿದ್ರು. ಆದ್ರೆ ಒಂದು ಹೇಳ್ತೀನಿ, ಇದರ ಮ್ಯಾಲೆ ಯಾರಾನ ಮಂಡಿ ಊರಿದ್ರೆ ಮಂಡಿ ಉಳಿಯಲ್ಲ."

ಆ ಮಾತು ಜಂಪಣ್ಣನ ತಲೆಯಲ್ಲಿ ಕೂತಿತು. ಟಿವಿಎಸ್ ಮೇಲೆ ಹಿರಿಯೂರಿನ ತನಕ ಅದನ್ನೇ ಯೋಚಿಸಿಕೊಂಡು ಬಂದ. ಅಟ್ಟದ ಮೇಲೆ ನಿಂಗಕ್ಕ ಮತ್ತು ಅವಳ ಜೊತೆಯವರು ದಿನಕ್ಕೆ ಎಷ್ಟು ಸಲ ಮಂಡಿಯೂರುತ್ತಾರೆ! ಹೋದವನೇ ಹೇಮಾವತಿಯ ಮುಂದೆ ನಿಂತು ಹೇಳಿದ. ಹೇಳುವಾಗ, ಇದು ಫೈಬರಿನ ದೊಡ್ಡ ಕುಂದು, ಇದನ್ನು ಕೇಳಿ ಅವಳು ಬೆಪ್ಪಾಗುತ್ತಾಳೆ ಎಂದು ಅವನ ಲೆಕ್ಕ. ಅವಳು ಬೆಪ್ಪಾಗಲಿಲ್ಲ. ಬಲು ಖುಷಿಪಟ್ಟಳು.

"ಇದು ನನಗೆ ಹೊಳೆದೇ ಇರಲಿಲ್ಲ ಜಂಪಣ್ಣ! ಜಾರಬಾರದು ಅಂತ ಎಲ್ಲಾ ಕಡೆ ಮರಳಿಂದೇ ಬರೆದಿದ್ದೆ. ಹಂಗಾದ್ರೆ ಮೆಟ್ಟಿಲಿಗೆ ಮಾತ್ರ ಮರಳು ಇರ್ಲಿ. ಅಟ್ಟದ ಮ್ಯಾಲೆ ನೆತ್ತಿ ತಗ್ಗಾಗಿರೋದು ಹಾಕಾಣ. ಮಂಡಿಗೂ ಹಿತ, ಕಾಲೂ ಜಾರಲ್ಲ, ನೀರು ಹುಯ್ದು ತೊಳೆಯೋಕೂ ಸಲೀಸು."

"ಹಾಕಾಣ ಅಂತ ನಾನೆಲ್ಲಿ ಅಂದೆ?" ಎಂದ ಜಂಪಣ್ಣ.

"ಹಾಕೋದಾದ್ರೆ ಅಂದೆ," ಎಂದು ಹೇಮಾವತಿ ಬರೆದುಕೊಂಡಳು.

ಕೊನೆಯ ಪರೀಕ್ಷೆ ಬಾಕಿ ಇತ್ತು: ಭಾರದ ಪರೀಕ್ಷೆ. ಫೈಬರ್ ಮಾಲು ಮಾರುವ ಲಕ್ಷ್ಮೀಕಾಂತ್ ಎಂಬಾತ ಎರಡು ದೊಡ್ಡ ಹಲಗೆಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದ. ಒಂದು ಚೌಕ ಕಣ್ಣಿನ ಎರಕದ ಜಾಲರಿ, ಇನ್ನೊಂದು ಉದ್ದ ಪಟ್ಟಿಗಳದ್ದು. ಎರಡೂ ಚೌಕ, ಉದ್ದ ಅಗಲ ಒಂದೇ ಅಳತೆ. ಲಕ್ಷ್ಮೀಕಾಂತನದು ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಎರಡು ಫೋನು, ಬಾಯಲ್ಲಿ ನಿಲ್ಲದ ಮಾತು.

ಅಂಗಳದಲ್ಲಿ ಜಂಪಣ್ಣನೇ ಬೆಸೆದು ನಿಲ್ಲಿಸಿದ ಎರಡು ಕಬ್ಬಿಣದ ಸ್ಟ್ಯಾಂಡುಗಳಿದ್ದವು, ಸೊಂಟದೆತ್ತರಕ್ಕೆ. ಅವುಗಳ ಮೇಲೆ ಹಲಗೆ ಹಾಸಿ ಉಪ್ಪಿನ ಮೂಟೆ ಪೇರಿಸುವುದು, ಆಮೇಲೆ ಜನ ಹತ್ತಿ ನೋಡುವುದು ಎಂದು ಹೇಮಾವತಿ ಗೊತ್ತು ಮಾಡಿದ್ದಳು. ಪ್ರಸನ್ನಕುಮಾರ್ ಕುರ್ಚಿ ಹಾಕಿಸಿಕೊಂಡು ಕೂತರು. ಊಟದ ಬಿಡುವಾದ್ದರಿಂದ ಹೆಂಗಸರೆಲ್ಲ ಸುತ್ತ ನೆರೆದರು.

ಎರಕದ ಜಾಲರಿಯ ಮೇಲೆ ಮೂಟೆ ಹೇರಿದರು, ಇಳಿಸಿದರು. ಹೆಂಗಸರು ಒಬ್ಬರ ಹಿಂದೊಬ್ಬರು ಹತ್ತಿ ಕುಣಿದು ಇಳಿದರು. ಅದು ಮಿಸುಕಲಿಲ್ಲ. ಜಂಪಣ್ಣ ಮೀಸೆ ತಿರುವುತ್ತ ನಿಂತಿದ್ದ.

ಆಮೇಲೆ ವ್ಯಾನಿನ ಕೂಲಿಗಳು ಎರಡನೆಯ ಹಲಗೆ ತಂದು ಸ್ಟ್ಯಾಂಡಿನ ಮೇಲಿಟ್ಟರು. ಲಕ್ಷ್ಮೀಕಾಂತ್ ಆಗ ಬೆನ್ನು ತಿರುಗಿಸಿ ಫೋನಿನಲ್ಲಿದ್ದ. ಹೇಮಾವತಿ ಪುಸ್ತಕದ ಹಾಳೆ ಮಗುಚುತ್ತಿದ್ದಳು. ಜಂಪಣ್ಣನ ಕಣ್ಣು ಮಾತ್ರ ಹಲಗೆಯ ಮೇಲಿತ್ತು.

ತಿರುವು ಮುರುವು ಇಟ್ಟಿದ್ದರು.

ಪಟ್ಟಿಗಳು ಈ ಸ್ಟ್ಯಾಂಡಿನಿಂದ ಆ ಸ್ಟ್ಯಾಂಡಿಗೆ ಸೇತುವೆಯಂತೆ ಹಾಯಬೇಕಿತ್ತು. ಈಗ ಅವು ಸ್ಟ್ಯಾಂಡಿನ ಉದ್ದಕ್ಕೇ ಮಲಗಿದ್ದವು. ನಡುವೆ ಭಾರ ಹೊರುವುದಕ್ಕೆ ಪೋಣಿಸಿದ ಸಣ್ಣ ಕಡ್ಡಿಗಳಷ್ಟೇ. ಹಲಗೆಯ ಎರಡೂ ಬದಿ ಒಂದೇ ಅಳತೆಯಾದ್ದರಿಂದ ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾದರೆ ಒಂದು ಪಟ್ಟಿಯನ್ನು ವೈಸಿನಲ್ಲಿ ಮುರಿದು ಅದರ ನರ ನೋಡಿರಬೇಕಿತ್ತು.

ಜಂಪಣ್ಣ ಬಾಯಿ ಬಿಡಬೇಕಾದ ಹೊತ್ತು ಅದು. ಬಿಡಲಿಲ್ಲ. ನಾಲ್ಕು ಮೂಟೆ ಬೀಳಲಿ, ಪಟಾರನೆ ಮುರಿಯಲಿ, ಮ್ಯಾನೇಜರ ಕಣ್ಣೆದುರೇ ಮುರಿಯಲಿ. ಮುಂದಿನ ವಾರ ಆರು ಎಂಎಂ ತಗಡು ಬರುತ್ತದೆ, ವೆಲ್ಡಿಂಗ್ ಕಡ್ಡಿ ಬರುತ್ತದೆ, ಅಟ್ಟ ಮತ್ತೆ ತನ್ನದಾಗುತ್ತದೆ. ಮುರಿದರೆ ಹೋಗುವುದು ಉಪ್ಪು, ಯಾರಿಗೂ ನೋವಾಗುವುದಿಲ್ಲ. ಹೀಗೆಲ್ಲ ಅವನು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುವಷ್ಟು ಹೊತ್ತೂ ನೆಲ ನೋಡುತ್ತಿದ್ದ.

ಅಷ್ಟರಲ್ಲಿ ನಿಂಗಕ್ಕನ ದನಿ ಕೇಳಿತು.

"ಮೂಟೆ ಯಾಕೆ ಬಿಡ್ರಿ ಮತ್ತೆ! ಹಳೇದ್ರಾಗೆ ಬಿದ್ದೋಳು ನಾನು, ಇದ್ನ ಮೊದ್ಲು ಹತ್ತೋಳೂ ನಾನೇ. ಬಾರೇ, ಕೈ ಕೊಡು."

ಅವನು ತಲೆಯೆತ್ತಿದಾಗ ನಿಂಗಕ್ಕ ಸ್ಟೂಲಿನ ಮೇಲೆ ನಿಂತು, ಸೀರೆ ಎತ್ತಿಕಟ್ಟಿ, ಬಲಗಾಲನ್ನು ಹಲಗೆಯ ನಡುವಿಗೆ ಚಾಚಿದ್ದಳು.

"ಏ ಬ್ಯಾಡ! ಇಡಬ್ಯಾಡ ಕಾಲು! ನಿಂಗಕ್ಕಾ!"

ಆ ಕೂಗಿಗೆ ಲಕ್ಷ್ಮೀಕಾಂತನ ಕೈಯಿಂದ ಒಂದು ಫೋನು ಬಿತ್ತು. ಜಂಪಣ್ಣ ಮೂಟೆಗಳನ್ನು ಹಾರಿ ಹೋಗಿ ನಿಂಗಕ್ಕನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ಟೂಲಿನಿಂದ ಅನಾಮತ್ತಾಗಿ ಎತ್ತಿ ನೆಲಕ್ಕಿಳಿಸಿದ. ಐವತ್ತೇಳರ ಪ್ರಾಯದಲ್ಲಿ ಎಂಬತ್ತು ಕೆಜಿಯ ನಿಂಗಕ್ಕನನ್ನು ಹೇಗೆ ಎತ್ತಿದೆನೆಂದು ಆಮೇಲೆ ಅವನಿಗೂ ತಿಳಿಯಲಿಲ್ಲ. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

"ಏನಪ್ಪ ಇದು, ಎಲ್ಲಾರ ಎದುರಿಗೇ!" ಎಂದು ನಿಂಗಕ್ಕ ಸೆರಗು ಕೊಡವಿಕೊಂಡಳು.

"ಹಲಗೆ ಅಡ್ಡ ಇಟ್ಟವ್ರೆ," ಎಂದ ಜಂಪಣ್ಣ ಏದುಸಿರು ಬಿಡುತ್ತ. "ಸಾರ್, ನೋಡ್ರಿ ಇಲ್ಲಿ. ಇದರ ಬಲ ಎಲ್ಲಾ ಪಟ್ಟಿಯ ಉದ್ದಕ್ಕೈತೆ. ಅಡ್ಡಕ್ಕೆ ಏನೂ ಇಲ್ಲ. ಬಿದಿರಿನ ಗಳ ಉದ್ದಕ್ಕೆ ಹಾಸಿದ್ರೆ ಎತ್ತಿನ ಗಾಡಿ ದಾಟ್ತೈತೆ. ಇಂಗೆ ಇಟ್ರೆ ನಿಂಗಕ್ಕ ಅಲ್ಲ, ಕೋಳಿ ಮರಿ ದಾಟಿದ್ರೂ ಕಷ್ಟ."

"ಮೂಟೆ ಇಟ್ಟು ತೋರಿಸ್ರಿ," ಎಂದರು ಪ್ರಸನ್ನಕುಮಾರ್.

ಒಂದು ಮೂಟೆಗೆ ಹಲಗೆ ಜೋಲಿಯಂತೆ ಬಾಗಿತು. ಮೂರನೆಯದಕ್ಕೆ ಪಟಪಟನೆ ಕಡ್ಡಿಗಳು ಮುರಿದು, ಪಟ್ಟಿಗಳು ಬೇರೆ ಬೇರೆಯಾಗಿ, ಉಪ್ಪೆಲ್ಲ ಅಂಗಳಕ್ಕೆ ಸುರಿಯಿತು. ಲಕ್ಷ್ಮೀಕಾಂತನ ಮುಖ ಉಪ್ಪಿನಷ್ಟೇ ಬೆಳ್ಳಗಾಯಿತು. ಅವನು ಕೂಲಿಗಳನ್ನು ಬೈಯಲು ಹೋದ. ಹೇಮಾವತಿ, "ಅವರನ್ನ ಬೈಬ್ಯಾಡ್ರಿ, ನಿಂತು ನೋಡಬೇಕಾದೋರು ನೀವು, ನಾನು," ಎಂದಳು. ವ್ಯಾನಿನಲ್ಲಿ ಅಂಥದೇ ಇನ್ನೊಂದು ಹಲಗೆಯಿತ್ತು. ಅದನ್ನು ಜಂಪಣ್ಣನೇ ನಿಂತು ಸರಿಯಾಗಿ ಇಡಿಸಿದ. ಹತ್ತು ಮೂಟೆಗೂ ಅದು ಜಗ್ಗಲಿಲ್ಲ. ಕೊನೆಗೆ ನಿಂಗಕ್ಕ ಹತ್ತಿ ನಿಂತು ಎಲ್ಲರಿಗೂ ಕೈಮುಗಿದು ಇಳಿದಳು.

ಸಂಜೆ ಎಲ್ಲರೂ ಹೋದ ಮೇಲೆ ಜಂಪಣ್ಣ ಅಂಗಳದಲ್ಲಿ ಉಪ್ಪು ಗುಡಿಸುತ್ತಿದ್ದ. ಅದು ಅವನ ಕೆಲಸವಾಗಿರಲಿಲ್ಲ. ಹೇಮಾವತಿ ಬಂದು ಇನ್ನೊಂದು ಪೊರಕೆ ಹಿಡಿದಳು. ಇಬ್ಬರೂ ಉಪ್ಪನ್ನು ಒಂದು ಕಡೆ ಗುಡ್ಡೆ ಮಾಡಿದರು.

"ಮೇಡಂ, ಒಂದು ಮಾತು. ಹಲಗೆ ಅಡ್ಡ ಐತೆ ಅಂತ ನನಗೆ ಮೊದ್ಲೇ ಕಂಡಿತ್ತು. ಮುರೀಲಿ ಅಂತ ಸುಮ್ಕಿದ್ದೆ. ನಿಂಗಕ್ಕ ಕಾಲಿಡದಿದ್ರೆ ಹೇಳ್ತಿರಲಿಲ್ಲ."

ಹೇಮಾವತಿ ಗುಡಿಸುವುದನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ಸಿಟ್ಟು ಬಂದು, ನಿಂತು, ಹೋದದ್ದು ಅವನಿಗೆ ಕಂಡಿತು.

"ನನಗೆ ಕಾಣಲೇ ಇಲ್ಲ," ಎಂದಳು ಅವಳು. "ನಾಕು ವಾರ ಇದನ್ನೇ ಓದೀನಿ, ಯಾವ ಕಡೆಗೆ ಬಲ ಅಂತ ಚಿತ್ರ ಬೇರೆ ಬರ್ಕೊಂಡೀನಿ. ಕಣ್ಣೆದುರಿಗೆ ಇಟ್ಟಾಗ ಕಾಣಲಿಲ್ಲ. ಇದೇ ತಪ್ಪು ಅಟ್ಟದ ಮ್ಯಾಲೆ ಆಗಿದ್ರೆ? ನೀವು ಕೂಗಿದ್ರಿ, ಅಷ್ಟು ಸಾಕು ನನಗೆ."

"ಅಲ್ಲ ತಾಯಿ, ನನ್ನ ಮನಸ್ಸು ಕೆಟ್ಟದ್ದು ಕೆಟ್ಟದ್ದೇ. ಅಟ್ಟ ನಂದು ಅನ್ನೋದು ಬಿಡಕ್ಕಾಗಲಿಲ್ಲ. ಅದು ಹೋದ್ರೆ ಇಲ್ಲಿ ನಂದು ಅನ್ನೋದು ಏನೈತೆ? ಫೈಬರಿಗೆ ವೆಲ್ಡಿಂಗ್ ಇಲ್ಲ."

"ವೆಲ್ಡಿಂಗ್ ಇಲ್ಲ. ಆದ್ರೆ ಕುಯ್ಯೋದು ಐತೆ, ತೂತು ಹೊಡೆಯೋದು ಐತೆ, ಕುಯ್ದ ಅಂಚಿಗೆ ಅಂಟು ಬಳಿದು ನೀರು ಒಳಗೆ ಹೋಗದಂಗೆ ಮುಚ್ಚೋದು ಐತೆ. ಅದರ ನರ ಯಾವ ಕಡೆ ಹರಿದೈತೆ ಅಂತ ನಿಮಗೆ ಗೊತ್ತು. ಮೆಟ್ಟಿಲು ಯಾರಿಗೆ ಎಲ್ಲಿ ತೊಡಕು ಅಂತಾನೂ ನಿಮಗೇ ಗೊತ್ತು. ಹದಿನಾರು ವರ್ಷ ಅದರ ಕೆಳಗೆ ಕುಂತು ನೋಡೀರಲ್ಲ."

ಜಂಪಣ್ಣ ಪೊರಕೆ ಊರಿಕೊಂಡು ನಿಂತ. ಯೋಚಿಸಿದ. ನಿಜಕ್ಕೂ ಅವನಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೆ.

"ಮೆಟ್ಟಿಲು ಎತ್ತರ ಆತು," ಎಂದ. "ಆಗ ಜಾಗ ಕಮ್ಮಿ ಅಂತ ನಾನೇ ಎತ್ತರ ಮಾಡಿದ್ದೆ. ಗಿಡ್ಡ ಹೆಂಗಸರು ಬಕೆಟ್ ಹಿಡ್ಕೊಂಡು ಹತ್ತುವಾಗ ಐದನೇ ಮೆಟ್ಟಿಲಿಗೆ ಒಂದು ಸಲ ನಿಂತು ಉಸ್ಸಪ್ಪಾ ಅಂತಾರೆ. ಮೆಟ್ಟಿಲು ಎರಡು ಜಾಸ್ತಿ ಹಾಕಿ ಎತ್ತರ ಇಳಿಸಬೇಕು."

"ಬರ್ಕೊಂಡೆ," ಎಂದಳು ಹೇಮಾವತಿ. ಪೊರಕೆ ಹಿಡಿದ ಕೈಯಲ್ಲಿ ಪುಸ್ತಕವಿರಲಿಲ್ಲ, ಆದರೂ ಅಂದಳು.

ಮರುದಿನ ಇಬ್ಬರೂ ಕೂತು ಒಂದೊಂದಾಗಿ ಗೊತ್ತು ಮಾಡಿದರು. ತೊಟ್ಟಿಗಳ ಮೇಲೆಲ್ಲ ಚೌಕ ಕಣ್ಣಿನ ಎರಕದ ಜಾಲರಿಯೇ ಆಗಬೇಕು, ಯಾಕೆಂದರೆ ಅದಕ್ಕೆ ಎರಡೂ ಕಡೆ ಬಲ. ನಾಳೆ ಯಾರೋ ತೊಳೆಯಲು ಎತ್ತಿ ಮತ್ತೆ ಹೇಗಿಟ್ಟರೂ ಅಪಾಯವಿಲ್ಲ, ಪೈಪಿಗಾಗಿ ಎಲ್ಲಿ ತೂತು ಕುಯ್ದರೂ ಬಿಚ್ಚಿಕೊಳ್ಳುವುದಿಲ್ಲ. ಪಟ್ಟಿಯ ಹಲಗೆ ಗಟ್ಟಿ ಹೌದು, ಉದ್ದಕ್ಕೆ ದಾಟುವ ಜಾಗಕ್ಕೆ ಬಲು ಒಳ್ಳೆಯದು, ಆದರೆ ಇಲ್ಲಿಗೆ ಬೇಡ. ಕಂಬಗಳು ಒಂದಕ್ಕೊಂದು ಹತ್ತಿರ ಇರಬೇಕು, ನಡೆಯುವಾಗ ಅಟ್ಟ ಕುಣಿಯಬಾರದು. ಅದು ಮುರಿಯುವುದಿಲ್ಲವೆಂದು ಹೇಮಾವತಿ ಎಷ್ಟು ಹೇಳಿದರೂ ಜಂಪಣ್ಣ ಬಿಡಲಿಲ್ಲ: "ಮುರಿಯಲ್ಲ ಅಂತ ನಿಮ್ಮ ಪುಸ್ತಕಕ್ಕೆ ಗೊತ್ತು, ಕಾಲಿಗೆ ಗೊತ್ತಾಗಬೇಕಲ್ಲ!" ಶೆಡ್ಡಿನ ಹೊರಗೆ ಬಿಸಿಲಿಗೆ ಬರುವ ಭಾಗದ ಬಗ್ಗೆ ಇಬ್ಬರೂ ಲಕ್ಷ್ಮೀಕಾಂತನನ್ನು ಫೋನಿನಲ್ಲಿ ಮೂರು ದಿನ ಕಾಡಿ, ಬಿಸಿಲಿಗೆ ಮೇಲ್ಪದರ ಎದ್ದು ಎಳೆ ಬಿಚ್ಚಿಕೊಳ್ಳದಂಥ ಮಾಲನ್ನೇ ಕೊಡುತ್ತೇನೆಂದು ಅವನಿಂದ ಬರೆಸಿಕೊಂಡರು. ಆಮೇಲೆ ಜಂಪಣ್ಣ ಸಹಿ ಹಾಕಿದ.

ಕೆಲಸ ಹದಿಮೂರು ದಿನ ನಡೆಯಿತು. ಹಳೆಯ ಅಟ್ಟವನ್ನು ತುಂಡು ತುಂಡಾಗಿ ಕುಯ್ದು ಇಳಿಸುವಾಗ ಜಂಪಣ್ಣ ಗ್ಯಾಸ್ ಕಟ್ಟರನ್ನು ಬೇರೆಯವರ ಕೈಗೆ ಕೊಡಲಿಲ್ಲ. ಕೊನೆಯ ತುಂಡು ಲಾರಿಗೆ ಬಿದ್ದಾಗ ಸುಮ್ಮನೆ ಹೋಗಿ ಮುಖ ತೊಳೆದುಕೊಂಡು ಬಂದ. ಹೊಸದಕ್ಕೆ ಕೈ ಹಚ್ಚಿದ ಮೊದಲ ದಿನ ಮಾಸ್ಕು, ಕೈಗವಸು ಹಾಕದೆ ಕುಯ್ದು, ರಾತ್ರಿಯಿಡೀ ನವೆಯಿಂದ ಒದ್ದಾಡಿ, ಓಬಕ್ಕನಿಂದ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡ. ಎರಡನೆಯ ದಿನದಿಂದ ಮಾಸ್ಕು ಹಾಕದವರನ್ನು ಹತ್ತಿರಕ್ಕೂ ಬಿಡಲಿಲ್ಲ. ಕುಯ್ದ ಪ್ರತಿಯೊಂದು ಅಂಚಿಗೂ ಅವನೇ ಕುಂಚ ಹಿಡಿದು ಅಂಟು ಬಳಿದ. ಇಬ್ಬರು ಗಂಡಾಳು ಹೊರುತ್ತಿದ್ದ ಕಬ್ಬಿಣದ ಹಲಗೆಯ ಜಾಗಕ್ಕೆ ಫೈಬರಿನದನ್ನು ಅವನೊಬ್ಬನೇ ಕಂಕುಳಲ್ಲಿ ಇಟ್ಟುಕೊಂಡು ಹತ್ತುವಾಗ, ಬೇಕೆಂದೇ ಮ್ಯಾನೇಜರ ಕಿಟಕಿಯ ಮುಂದಿನಿಂದ ಹಾದುಹೋಗುತ್ತಿದ್ದ.

ಅಟ್ಟ ಸಿದ್ಧವಾದ ದಿನ ಬೆಳಿಗ್ಗೆ ಹೆಂಗಸರು ಮೆಟ್ಟಿಲ ಬಳಿ ಗುಂಪುಗೂಡಿದರು. ಬೂದು ಬಣ್ಣದ ಅಟ್ಟ, ಹಳದಿ ಕಟಾಂಜನ, ಮೆಟ್ಟಿಲ ಮೂತಿಗೆಲ್ಲ ಹಳದಿ ಪಟ್ಟಿ. ನಿಂಗಕ್ಕ ಬಕೆಟ್ ಹಿಡಿದು ಮೊದಲು ಹತ್ತಿದಳು. ಅವಳು ಐದನೆಯ ಮೆಟ್ಟಿಲಿಗೆ ಬಂದಾಗ ಜಂಪಣ್ಣ ಕತ್ತು ಚಾಚಿ ನೋಡಿದ. ಅವಳು ನಿಲ್ಲಲಿಲ್ಲ. ಆರು, ಏಳು, ಎಂಟು, ಮಾತಾಡುತ್ತಲೇ ಹತ್ತಿ ಮೇಲೆ ಹೋದಳು. ಅಲ್ಲಿ ಬಕೆಟ್ ಇಟ್ಟು ಮಂಡಿಯೂರಿ ತೊಟ್ಟಿಯೊಳಗೆ ಬಾಗಿದಳು, ಎದ್ದಳು, ಮತ್ತೆ ಊರಿದಳು.

"ಹೆಂಗೈತೆ?" ಎಂದು ಹೇಮಾವತಿ ಕೆಳಗಿನಿಂದ ಕೂಗಿದಳು.

"ಚಾಪೆ ಮ್ಯಾಲೆ ಕುಂತಂಗೈತೆ ಕಣಮ್ಮ! ಇಲ್ಲೇ ಮಲಗಿಬಿಡಾಣ ಅನ್ನಿಸ್ತೈತೆ!"

ಹಿಂದೆಯೇ ಉಳಿದವರೂ ಹತ್ತಿದರು. ಬಿಸಿಲು ಏರಿದಾಗ ಹಳೆಯ ಕಬ್ಬಿಣದ ಕಟಾಂಜನ ಮುಟ್ಟಿದರೆ ಕೈ ಸುಡುತ್ತಿತ್ತು, ಸೆರಗು ಸುತ್ತಿಕೊಂಡು ಹಿಡಿಯಬೇಕಿತ್ತು. ಮಧ್ಯಾಹ್ನ ಒಬ್ಬಾಕೆ ಅಭ್ಯಾಸದಂತೆ ಸೆರಗು ಸುತ್ತಲು ಹೋಗಿ, ಬೆರಳು ತಾಗಿಸಿ, ಮತ್ತೆ ಅಂಗೈಯಿಟ್ಟು, "ಅಯ್ಯೋ, ಸುಡಲ್ಲ ಕಣ್ರೇ!" ಎಂದು ಎಲ್ಲರನ್ನೂ ಕರೆದು ಮುಟ್ಟಿಸಿದಳು. ಇದು ಮಾತ್ರ ಹೇಮಾವತಿಯ ಪುಸ್ತಕದಲ್ಲೂ ಇರಲಿಲ್ಲ, ಜಂಪಣ್ಣನ ಪರೀಕ್ಷೆಯಲ್ಲೂ ಇರಲಿಲ್ಲ.

ಅದಾಗಿ ಎರಡು ತಿಂಗಳಿಗೆ ಹೊಳಲ್ಕೆರೆಯಿಂದ ಒಬ್ಬರು ಕಾರ್ಖಾನೆಗೆ ಬಂದರು. ದೊಡ್ಡತಿಮ್ಮಪ್ಪ ಎಂದು ಹೆಸರು; ಅಲ್ಲಿ ಹುಣಸೆಹಣ್ಣಿನ ರಸ ತೆಗೆಯುವ ಘಟಕ ನಡೆಸುತ್ತಿದ್ದರು. ಹುಳಿಯ ಕಾಟಕ್ಕೆ ಅವರ ಮೆಟ್ಟಿಲುಗಳೂ ಜಾಳಾಗಿದ್ದವಂತೆ. ಪ್ರಸನ್ನಕುಮಾರ್ ಅವರನ್ನು ನೇರವಾಗಿ ಜಂಪಣ್ಣನ ಹತ್ತಿರ ಕಳಿಸಿದರು.

ಜಂಪಣ್ಣ ಅವರನ್ನು ಅಟ್ಟದ ಮೇಲೆಲ್ಲ ಓಡಾಡಿಸಿದ. ಎಲ್ಲಿ ಮರಳು ಬೇಕು, ಎಲ್ಲಿ ಬೇಡ, ಯಾವ ಹಲಗೆಯನ್ನು ಹೇಗಿಡಬೇಕು ಎಂದು ತಾಸು ಹೊತ್ತು ಹೇಳಿದ. ಕೇಳಿ ಕೇಳಿ ದೊಡ್ಡತಿಮ್ಮಪ್ಪ, "ಎಲ್ಲಾ ಸರಿ ಜಂಪಣ್ಣೋರೆ. ನಮಗೆ ಯಾವುದು ಸರಿ ಹೋಗ್ತೈತೆ, ಒಂದು ಮಾತಲ್ಲಿ ಹೇಳಿಬಿಡ್ರಿ," ಎಂದರು.

"ಒಂದು ಮಾತಲ್ಲಿ ಆಗಲ್ಲ. ನಿಮ್ಮಲ್ಲಿ ಮೆಟ್ಟಿಲು ಹತ್ತೋರು ಯಾರು?"

"ಯಾರಂದ್ರೆ? ಕೆಲಸದೋರು."

"ಗಿಡ್ಡದೋರೋ ಉದ್ದದೋರೋ? ತಲೆ ಮ್ಯಾಲೆ ಹೊರ್ತಾರೋ ಕೈಯಾಗೆ ಹಿಡಿತಾರೋ? ಬರಿಗಾಲೋ ಬೂಟೋ?"

ದೊಡ್ಡತಿಮ್ಮಪ್ಪ ಅದನ್ನೆಲ್ಲ ನೋಡಿರಲಿಲ್ಲ.

"ಹಂಗಾದ್ರೆ ನಾವೇ ಬಂದು ನೋಡಾಣ," ಎಂದು ಜಂಪಣ್ಣ ಕೈ ಒರೆಸಿಕೊಂಡ. "ಭಾನುವಾರ ಬ್ಯಾಡ, ಕೆಲಸ ನಡೆಯೋ ದಿನ ಬರ್ತೀವಿ. ನಾನು, ನಮ್ಮ ಮೇಡಂ, ಇಬ್ರೂ. ಅವರು ಬರ್ಕೊಳ್ತಾರೆ, ನಾನು ಮೆಟ್ಟಿಲ ಕೆಳಗೆ ಕುಂತು ನೋಡ್ತೀನಿ. ಟೀ ಮಾತ್ರ ಎರಡು ಹೊತ್ತು ಕೊಡಬೇಕು."